ಜಗಳೂರಿನ ಮೊದಲ ತಪ್ಪಲೆ

ಹೊಗೆ ಇವಳ ಮುಖಕ್ಕೇ ಬರುತ್ತಿದೆ, ಅಂದರೆ ಗಾಳಿ ನೋಡದೆ ಇದ್ದಿಲ ಗುಂಡಿ ತೋಡಿಬಿಟ್ಟಿದ್ದಾಳೆ, ಅಂದರೆ ಮೊದಲನೆಯ ಕೆಲಸವೇ ತಪ್ಪು, ಅಯ್ಯೋ ಮಜೀದಾ, ಹದಿನೈದು ವರ್ಷ ತಿದಿ ಒತ್ತಿದವಳಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದೂ ತಿಳಿಯದೆ ಹೋಯಿತಾ, ಕಣ್ಣು ಉರಿಯುತ್ತಿದೆ, ಸೆರಗಿನಲ್ಲಿ ಒರೆಸಿಕೊಂಡರೆ ಸೆರಗಿಗೂ ಇದ್ದಿಲು ಮೆತ್ತಿದೆ, ಈಗ ಮುಖವೆಲ್ಲ ಮಸಿ, ಆಗಲಿ, ಜಗಳೂರಿಗೆ ಬಂದ ಕಲಾಯಿಯವಳು ಮುಖಕ್ಕೆ ಮಸಿ ಬಳಿದುಕೊಂಡೇ ಬಂದಳು ಅಂತ ಜನ ನಗಲಿ — ಸಾಕಿದ ಅಬ್ಬಾ ನೋಡಿದನಾ? ನೋಡಿದ. ಬೇವಿನ ಮರದ ಆಚೆ ಬದಿಯ ಚಪ್ಪಡಿ ಕಲ್ಲಿನ ಮೇಲೆ ಕೂತು ನೋಡುತ್ತಲೇ ಇದ್ದಾನೆ, ಎರಡೂ ಕೈ ಕಂಕುಳಲ್ಲಿ, ಬಲಗೈ ಎಡ ಕಂಕುಳಲ್ಲಿ, ಎಡಗೈ ಬಲ ಕಂಕುಳಲ್ಲಿ, ಮಾಗಿಯ ಚಳಿಯಲ್ಲಿ ಮುದುಕರು ಕೂರುವ ಹಾಗೆ, ಅದೂ ಈ ಬಿರುಬೇಸಿಗೆಯ ಜಗಳೂರಿನಲ್ಲಿ, ನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ. ಗುಂಡಿ ತೋಡುವಾಗ ಒಂದು ಮಾತು ಹೇಳಬಹುದಿತ್ತು, ಬೇಟಿ, ಗಾಳಿ ಆ ಕಡೀಗೈತೆ, ಈ ಕಡೆ ತೋಡು, ಇಷ್ಟು ಅಂದಿದ್ದರೆ ಬಾಯಿಂದ ಮುತ್ತು ಉದುರುತ್ತಿತ್ತಾ, ಅನ್ನಲಿಲ್ಲ, ನಿನ್ನೆಯಿಂದ ಅಂದಿಲ್ಲ, ಚನ್ನಗಿರಿಯ ಹೊಸಿಲು ದಾಟಿದಾಗಿನಿಂದ ಆ ಕೈ ಕಂಕುಳಿನಿಂದ ಈಚೆ ಬಂದಿಲ್ಲ, ಸಿಟ್ಟಾ? ಸಿಟ್ಟೇ ಇರಬೇಕು, ಇಲ್ಲದಿದ್ದರೆ ಚನ್ನಗಿರಿಯ ಕಲಾಯಿ ಇಮಾಮ್‌ಸಾಬ್ ತನ್ನ ಕಣ್ಣೆದುರಿಗೆ ಗುಂಡಿ ಇಷ್ಟು ಸೊಟ್ಟಗೆ ತೋಡುವುದನ್ನು ಸಹಿಸುವ ಮನುಷ್ಯನಾ, ಆ ಕೈ ಸುಮ್ಮನೆ ಕೂತದ್ದನ್ನು ಇವಳು ಹುಟ್ಟಿದಾಗಿನಿಂದ ಕಂಡಿಲ್ಲ — ಹುಟ್ಟಿದಾಗಿನಿಂದ ಅಂದರೆ ಯಾವಾಗಿನಿಂದ, ಅದನ್ನು ಯಾರು ಹೇಳಬೇಕು, ಪ್ಲೇಗಿನ ವರ್ಷ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ಒಂದು ಗುಡಿಸಲಿನಲ್ಲಿ ಎಲ್ಲರೂ ಹೋಗಿ ಒಂದು ಕೂಸು ಉಳಿದಿತ್ತು, ನಾಲ್ಕು ವರ್ಷದ್ದೋ ಐದರದ್ದೋ, ಅದು ಇವಳು, ಅಪ್ಪನ ಮುಖ ನೆನಪಿಲ್ಲ, ಹೆತ್ತವಳ ಸೀರೆಯ ಬಣ್ಣ ನೆನಪಿಲ್ಲ, ನೆನಪಿರುವುದು ಎರಡು ಕೈ, ಉಗುರೆಲ್ಲ ಕಪ್ಪು, ಬೆರಳ ತುದಿ ಸುಟ್ಟು ಸುಟ್ಟು ಗಂಟುಗಟ್ಟಿದ್ದು, ಕಲಾಯಿಗೆ ಉದುರಿಸುವ ನವಸಾಗರದ ಘಾಟು ಹೊಡೆಯುವ ಆ ಎರಡು ಕೈ ಇವಳ ಎರಡೂ ಕಂಕುಳಲ್ಲಿ ತೂರಿ, ಹಪ್ಪಾ ಅಂತ, ನೆಲದಿಂದ ಎತ್ತಿಕೊಂಡಿದ್ದು. ಅದಕ್ಕಿಂತ ಹಿಂದೆ ಏನೂ ಇಲ್ಲ, ಇವಳ ಲೋಕ ಶುರುವಾಗುವುದೇ ಆ ಕೈಯಿಂದ.

ತಿದಿ ಒತ್ತು, ಒತ್ತು, ಇದ್ದಿಲು ಇನ್ನೂ ಮೇಲೆ ಬೂದಿ ಕಟ್ಟಿಕೊಂಡಿದೆ, ಒಳಗೆ ಕೆಂಪಾಗಬೇಕು, ಸೊಟ್ಟ ಗುಂಡಿಯಾದರೇನು, ಹೊಗೆ ತಾನು ನುಂಗಿದರಾಯಿತು. ಸಿಟ್ಟಲ್ಲ, ಕಟ್ಟಳೆ ಇರಬೇಕು. ಊರು ಒಪ್ಪಿಸುವ ಕಟ್ಟಳೆ. ಕಲಾಯಿಯವರು ಊರೂರು ಹಂಚಿಕೊಂಡಿರುತ್ತಾರೆ, ಒಬ್ಬನ ಊರಿನಲ್ಲಿ ಇನ್ನೊಬ್ಬ ಇದ್ದಿಲು ಹಚ್ಚುವ ಹಾಗಿಲ್ಲ, ಸಾಕಿದ ಮಕ್ಕಳು ಕೈಗೆ ಬಂದರೆ ಅವರಿಗೆ ಒಂದು ತಿದಿ, ಒಂದು ಇಕ್ಕಳ, ಒಂದು ಕೌದಿ, ಒಂದು ಊರು ಕೊಟ್ಟು ಕಳಿಸಬೇಕು, ಕೊಡುವವನು ಮೊದಲ ದಿನ ಜೊತೆಗೆ ಬಂದು ಊರಿಗೆಲ್ಲ ಕಾಣುವ ಹಾಗೆ ಕೂರಬೇಕು, ಆದರೆ ಮೊದಲ ಪಾತ್ರೆ ಮುಗಿಯುವ ತನಕ ಏನನ್ನೂ ಮುಟ್ಟಬಾರದು, ಮುಟ್ಟಿದನೋ ಊರು ಅವನ ಕೈಗೇ ವಾಪಸ್ಸು, ಮುಗಿಯಿತೋ ಅವನು ಎದ್ದು ಹಿಂದಿರುಗಿ ನೋಡದೆ ಹೊರಟುಹೋಗಬೇಕು. ಹೊನ್ನಾಳಿ ಹಿರಿಯವನಾದ ಬುಡನ್‌ಗೆ ಹೋಯಿತು, ನ್ಯಾಮತಿ ಓಬಣ್ಣನಿಗೆ, ಓಬಣ್ಣನನ್ನು ಯಾರೋ ಸಂತೆಯಲ್ಲಿ ಬಿಟ್ಟುಹೋದಾಗ ಅವನ ಹೆಸರೊಂದು ಅವನ ಜೊತೆಗಿತ್ತು, ಅಬ್ಬಾ ಅದನ್ನು ಬದಲಿಸಲಿಲ್ಲ, ಅವನ ಹತ್ರ ಇರೋದೇ ಅದೊಂದು, ಅದನ್ನೂ ಕಸ್ಕೊಳ್ಳಾಕೆ ನಾನೇನು ಕಳ್ಳನಾ ಅಂದಿದ್ದ, ಓಬಣ್ಣ ಈಗ ನ್ಯಾಮತಿಯಲ್ಲಿ ಹೆಂಡತಿ ಮಕ್ಕಳು ಅಂತ ಚೆನ್ನಾಗಿದ್ದಾನೆ. ಸರಿ, ಕಟ್ಟಳೆ. ಆದರೆ ಕಟ್ಟಳೆ ಒಲೆಯ ಹತ್ತಿರ ತಾನೆ, ಕೈಗೆ ತಾನೆ, ಬಾಯಿಗೆ ಏನಾಗಿದೆ, ಮನೆಯ ಹೊಸಿಲಿನಿಂದ ಮೌನ ಯಾಕೆ, ಅದಕ್ಕೆ ಕಾರಣ ಬೇರೆ, ಕಾರಣ ಇವಳ ನಾಲಗೆ, ಎಲುಬಿಲ್ಲದ ನಾಲಗೆ. ಹೆಣ್ಮಕ್ಕಳಿಗೆ ಗಂಡನ್ನ ಕೊಡ್ತಾರೆ, ಊರು ಕೊಡಲ್ಲ ಅಂತ ವರ್ಷಗಟ್ಟಲೆ ಹಾಡಿದ್ದೇ ಹಾಡುತ್ತಿದ್ದವಳು ಅಮ್ಮಿ, ಇಮಾಮ್‌ಬೀ, ಆದರೆ ಕೆರೆಬಿಳಚಿಯಿಂದ ನೋಡಲು ಬಂದವರು ಯಾರ ಮಗಳೋ ಏನೋ, ಪ್ಲೇಗಿನ ಕೂಸು ಅಂತ ಚಹಾ ಕುಡಿದು ಎದ್ದು ಹೋದ ದಿನ ಅಮ್ಮಿಯ ತಲೆಗೆ ಏನು ಹೊಕ್ಕಿತೋ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು, ಜಗಳೂರು ನಮ್ಮಪ್ಪನ ಊರು, ನನ್ನ ನಿಕಾದಾಗೆ ನನ್ನ ಜೊತಿ ಬಂದ ಊರು, ನಾನು ಇವಳಿಗೆ ಕೊಡ್ತೀನಿ, ಯಾವನು ಬ್ಯಾಡ ಅಂತಾನೋ ಅನ್ಲಿ. ಅಬ್ಬಾ ರೊಟ್ಟಿ ಮುರಿಯುತ್ತಿದ್ದವನು ತಲೆಯೆತ್ತಿ ನಕ್ಕ, ಆ ನಗು ಎಷ್ಟು ಚೆನ್ನಾಗಿತ್ತು, ಹತ್ತು ವರ್ಷದವಳಿದ್ದಾಗಿನಿಂದ ನಂಗ್ಯಾವ ಊರು, ನಂಗ್ಯಾವ ಊರು ಅಂತ ಪೀಡಿಸಿದವಳು ಇವಳೇ, ಬೇಡಿದ್ದು ಸಿಕ್ಕಿತು, ಸಿಕ್ಕ ಕೂಡಲೇ ಬಾಯಿಂದ ಬಂದದ್ದು ಏನು — ನಿಮ್ಮ ಹೊಟ್ಯಾಗೆ ಹುಟ್ಟಿದ್ರೆ ಹಿಂಗೆ ಕಾಣದ ಊರಿಗೆ ಅಟ್ತಿದ್ರಾ. ಮುರಿದ ತುತ್ತನ್ನು ಅಬ್ಬಾ ತಟ್ಟೆಯಲ್ಲೇ ಇಟ್ಟ. ಕೈ ತೊಳೆದ. ಗೋಡೆಗೆ ಒರಗಿ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತ. ಅಮ್ಮಿ ಮಾತ್ರ ಸೌಟು ಎತ್ತಿ, ಹುಟ್ಟಿದ್ರೆ ನಾಲಿಗೆ ಹಿಂಗೆ ಬೆಳೆಯಾಕೆ ಬಿಡ್ತಿರಲಿಲ್ಲ ಕಣೆ ಅಂದಳು, ಅಂದು ತಾನೇ ಅತ್ತಳು.

ಹಾಗಾದರೆ ಸಿಟ್ಟೇ. ಬಸ್ಸಿನಲ್ಲೂ ಹಾಗೇ, ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ ಈಗ ಬಸ್ಸಿಗೂ ಇದ್ದಿಲೇ ಗತಿ, ಹಿಂದೆ ಕಟ್ಟಿದ ಒಲೆಗೆ ಕ್ಲೀನರು ಗಾಳಿಯ ಚಕ್ರ ತಿರುಗಿಸಿ ತಿರುಗಿಸಿ ಬೆವೆತು ಹೋಗಿದ್ದ, ಇವಳಿಗೆ ಪಾಪ ಅನ್ನಿಸಿ ನಕ್ಕಳು, ಅಬ್ಬಾನ ಕಡೆ ನೋಡಿದಳು, ಬಸ್ಸಿಗೂ ನಾವೇ ಬೇಕು ನೋಡು ಅಬ್ಬಾ ಅನ್ನುವ ಹಾಗೆ, ಅವನು ಕಿಟಕಿಯಾಚೆ ನೋಡುತ್ತಿದ್ದ. ಗಂಟು ಎತ್ತಿಕೊಡಲಿಲ್ಲ, ತಿದಿಯ ಚರ್ಮ ಮಡಿಸಿಕೊಡಲಿಲ್ಲ, ಸಂತೆಬೆನ್ನೂರಿನಲ್ಲಿ ಇಳಿಯುವಾಗ ಮೆಟ್ಟಿಲು ತಪ್ಪಿ ಇವಳು ಮುಗ್ಗರಿಸಿದರೂ ಕಂಡಕ್ಟರು ಹಿಡಿದುಕೊಂಡ, ಅಬ್ಬಾ ಹಿಡಿಯಲಿಲ್ಲ, ಅಬ್ಬಾನ ಮೊಣಕೈ ಒಂದು ಸಲ ಅದುರಿತು, ಅಷ್ಟೇ — ಅದುರಿತಾ? ಅಥವಾ ಬಸ್ಸು ಅಲುಗಿದ್ದಾ? ದಾವಣಗೆರೆಯಲ್ಲಿ ಬುಡನ್ ಕಾದಿದ್ದ, ತಲೆಗೂದಲಲ್ಲಿ, ಹುಬ್ಬಿನಲ್ಲಿ, ಮೀಸೆಯಲ್ಲಿ ಹತ್ತಿಯ ಎಳೆ, ಹೊನ್ನಾಳಿ ಬಿಟ್ಟು ಮಿಲ್ಲು ಸೇರಿ ನಾಲ್ಕು ವರ್ಷವಾಯಿತು, ಬಗ್ಗಿ ಅಬ್ಬಾನ ಕಾಲು ಮುಟ್ಟಿದ, ಅಬ್ಬಾ ತಲೆ ಸವರಬೇಕಿತ್ತು, ಸವರಲಿಲ್ಲ, ಕಂಕುಳಲ್ಲಿ ಕೈ. ಬುಡನ್ ಇವಳನ್ನು ಪಕ್ಕಕ್ಕೆ ಕರೆದು ಒಂದು ಹಿಡಿ ಅರಳೆ ಕೊಟ್ಟ, ಬೀಜ ಇಲ್ಲದ್ದು, ಒಂದು ಕಸ ಇಲ್ಲದ್ದು, ಒರೆಸಾಕೆ ಇದನ್ನೇ ತಗ, ಇದಕ್ಕಿಂತ ಒಳ್ಳೇದು ಎಲ್ಲೂ ಸಿಗಲ್ಲ, ಆಮೇಲೆ ದನಿ ತಗ್ಗಿಸಿ, ಅಬ್ಬಾನ ಕೈ ನೋಡಬ್ಯಾಡ ಮಜೀದಾ, ಏನಾದ್ರೂ ಆಗ್ಲಿ, ನೀನು ಪಾತ್ರೆ ನೋಡು, ಅವನ ಕೈ ನೋಡಬ್ಯಾಡ. ಯಾಕಣ್ಣ? ಬುಡನ್ ಮೀಸೆಯ ಹತ್ತಿ ಕಿತ್ತುಕೊಳ್ಳುತ್ತಾ ಹೇಳಿದ, ಹೊನ್ನಾಳ್ಯಾಗೆ ನನ್ನ ಮೊದಲನೇ ಪಾತ್ರೆ, ಕಲಾಯಿ ಒಂದೀಟು ಗಂಟಾತು, ಬಿಟ್ಟಿದ್ರೆ ನಾನೇ ಸರಿಮಾಡ್ತಿದ್ದೆ, ನಾನು ಹೆದರಿ ಅವನ ಮುಖ ನೋಡಿದೆ ನೋಡು, ಅವನಿಗೆ ತಡೀಲಿಲ್ಲ, ಓಡಿಬಂದು ಕೈ ಹಾಕಿದ, ಎಷ್ಟು ಚೆಂದ ಒರೆಸಿದ ಅಂತೀನಿ, ಊರೆಲ್ಲ ಭೇಷ್ ಅಂತು, ಆಮೇಲೆ ಊರು ಕಟ್ಟಳೆ ಪ್ರಕಾರ ಅವನದೇ ಆತು, ಅವನು ನನ್ನ ಬಿಟ್ಟುಹೋದ್ರೂ ಜನ ಬಿಡಬೇಕಲ್ಲ, ಎರಡು ವರ್ಷ ನನಗೆ ಚಟಾಕು ಚಂಬು ಕೊಟ್ರು, ದೊಡ್ಡ ಪಾತ್ರೆ ಬಂತು ಅಂದ್ರೆ ನಿಮ್ಮಪ್ಪ ಬರ್ಲಿ ಬಿಡಪ್ಪ, ನಿಮ್ಮಪ್ಪ ಬರ್ಲಿ. ಹೇಳಿ ನಕ್ಕ ಬುಡನ್, ಸಿಟ್ಟಿಲ್ಲದ ನಗು, ಅಕ್ಕರೆ ಮಾಡೇ ಕೆಡಿಸಿದ ನನ್ನ ಅಂದ. ಇವಳಿಗೆ ಬುಡನ್‌ನ ಮಾತು ತಲೆಗೆ ಹೋಯಿತು, ಎದೆಗೆ ಹೋಗಲಿಲ್ಲ, ಇವಳ ತಲೆಯಲ್ಲಿ ಉಳಿದದ್ದು ಒಂದೇ, ಮುಟ್ಟಿದರೆ ವಾಪಸ್ಸು. ಮುಟ್ಟಿದರೆ ಮನೆಗೆ ವಾಪಸ್ಸು.

ಕೆಂಪಾಯಿತು ಇದ್ದಿಲು. ಬಿಸಿಲು ನೆತ್ತಿಗೆ ಬರುತ್ತಿದೆ. ಗಾದ್ರಮ್ಮ ಬಾಗಿಲಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಾಳೆ, ಹಲ್ಲಿಲ್ಲದ ಮುದುಕಿ, ಇವಳಿರಬೇಕಾದ ಗೂಡು ಅವಳ ಮನೆಯ ಹಿಂದಿನ ಕೊಟ್ಟಿಗೆ, ಎಮ್ಮೆ ಸತ್ತು ಖಾಲಿ ಬಿದ್ದದ್ದು, ಬೆಳಿಗ್ಗೆ ನೋಡಿದಳು, ಸಗಣಿ ಸಾರಿಸಿ ರಂಗೋಲಿ ಕೂಡ ಎಳೆದಿದ್ದಾಳೆ ಮುದುಕಿ, ನಿಮ್ಮ ಅಮ್ಮಿ ಇಷ್ಟುದ್ದ ಇದ್ದಾಗ ನನ್ನ ತೊಡೆ ಮ್ಯಾಲೆ ಉಚ್ಚೆ ಹೊಯ್ದಾಳೆ ಕಣೆ, ನಿನಗೆ ಜಾಗ ಕೊಡದೆ ಇರ್ತೀನಾ, ಆದ್ರೆ ರಾತ್ರಿ ನಾನು ಗೊರಕೆ ಹೊಡಿತೀನಿ, ಅದೊಂದು ತಡ್ಕ. ಆ ಕೊಟ್ಟಿಗೆಯಲ್ಲಿ ಇವಳೊಬ್ಬಳೇ, ಗೋಡೆಯಾಚೆ ಗೊರಕೆ, ಈಚೆ ಇವಳು, ಒಂದು ಕೌದಿ, ಬೆಳಗಾದರೆ ಯಾರೂ ಮಜೀದಾ ಏಳೇ ಅನ್ನುವುದಿಲ್ಲ, ಯಾರೂ ಅನ್ನದಿದ್ದರೆ ಏಳುವುದು ಹೇಗೆ, ರೊಟ್ಟಿ ಎಷ್ಟು ಮಾಡುವುದು, ಮಾಡಿದ್ದನ್ನು ಎದುರಿಗೆ ಯಾರೂ ಕೂರದೆ ತಿನ್ನುವುದು ಹೇಗೆ, ಹತ್ತೊಂಬತ್ತು ವರ್ಷದ ಕತ್ತೆಗೆ ಇದೂ ಒಂದು ಪ್ರಶ್ನೆಯಾ, ಹೌದು ಪ್ರಶ್ನೆಯೇ. ತಪ್ಪಲೆ ತಂದವಳು ಸರ್ವಮಂಗಳಮ್ಮ, ಅಂಗಡಿ ಬಸವರಾಜಪ್ಪನ ಹೆಂಡತಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಒಬ್ಬರು ಒಳಗಿಳಿದು ನಿಲ್ಲಬಹುದಾದ ತಾಮ್ರದ ತಪ್ಪಲೆಯನ್ನು ಆಳಿನ ಕೈಲಿ ಹೊರಿಸಿಕೊಂಡು ಬಂದು ದಢಾರನೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತುಬಿಟ್ಟಳು, ಸೋಮವಾರ ಜಂಗಮರ ಊಟ ಐತೆ, ಇದ್ರಾಗೆ ಪ್ರಸಾದ ಆಗಬೇಕು, ಒಳಗೆಲ್ಲ ಕೆಂಪಾಗೈತೆ, ಹುಳಿ ಕಿಲುಬಿಡಿತೈತೆ, ಸಾಬ್ರೆ ನೀವೇ ಹಾಕ್ತೀರಲ್ಲ? ಅಂತ ಕೇಳಿದ್ದು ಅಬ್ಬಾನನ್ನು. ಅಬ್ಬಾ ತಲೆಯಲ್ಲಾಡಿಸಿದ, ಗದ್ದದಿಂದ ಇವಳ ಕಡೆ ತೋರಿಸಿದ. ಈ ಹುಡುಗೀನಾ? ಅಯ್ಯ ಶಿವನೇ! ಅಂದಳು ಸರ್ವಮಂಗಳಮ್ಮ, ತಪ್ಪಲೆ ವಾಪಸ್ಸು ಹೊರಿಸಿಕೊಂಡು ಹೋಗುತ್ತಾಳೆ ಅಂದುಕೊಂಡರೆ ಹೋಗಲಿಲ್ಲ, ಆಳು ಆಗಲೇ ಬೀಡಿ ಹಚ್ಚಿ ಎಲ್ಲೋ ಹೋಗಿದ್ದ, ತಾನು ಎತ್ತಲಾರಳು, ಹಾಗಾಗಿ ನಿಂತಳು. ಇಷ್ಟು ದೊಡ್ಡ ಪಾತ್ರೆ, ಮೊದಲನೆಯದೇ ಇದಾ, ಒಂದು ಚಂಬು ಬರಬಾರದಿತ್ತಾ. ಇವಳು ತಪ್ಪಲೆಯೊಳಗೆ ಇಳಿದು ಮರಳು ಬೂದಿ ಹಾಕಿ, ಗೋಣಿಯ ತುಂಡು ಕಾಲಡಿಗೆ ಇಟ್ಟು, ಮರದ ಕೊಂಬೆ ಹಿಡಿದುಕೊಂಡು ಗಿರಕಿ ಹೊಡೆದಳು, ಬಲಕ್ಕೆ ಎಡಕ್ಕೆ, ಬಲಕ್ಕೆ ಎಡಕ್ಕೆ, ಸೊಂಟ ಕಳಚುವ ತನಕ, ಚಿಕ್ಕವಳಿದ್ದಾಗ ಹೀಗೆ ಉಜ್ಜುವುದು ಆಟವಾಗಿತ್ತು, ಕುಣಿ ಕುಣಿ ನನ್ನ ಕೋಳಿಮರಿ ಅನ್ನುತ್ತಿದ್ದ ಅಬ್ಬಾ, ಬಿದ್ದರೆ ಹಿಡಿಯಲು ಎರಡು ಕೈ ಪಾತ್ರೆಯ ಎರಡೂ ಬದಿಗೆ, ಈಗ ಬಿದ್ದರೆ? ಗಂಟು ಬಿಚ್ಚಿದಳು, ಅಮ್ಮಿ ಕಟ್ಟಿದ ಗಂಟು, ಒಳಗೆ ಕಲಾಯಿ ಕಡ್ಡಿ, ತವರದ್ದು, ಮಲಾಯಾ ಜಪಾನಿನವರ ಪಾಲಾದ ಮೇಲೆ ಕಲಾಯಿ ಅನ್ನುವುದು ಔಷಧಿಗೂ ಸಿಗುತ್ತಿಲ್ಲ, ಮನೆಯಲ್ಲಿ ಉಳಿದದ್ದು ಒಂದೇ ಕಡ್ಡಿ, ಅದನ್ನು ಅಬ್ಬಾ ಮೊನ್ನೆ ಎರಡು ತುಂಡು ಮಾಡುವುದನ್ನು ಕಂಡಿದ್ದಳು, ದೊಡ್ಡದೊಂದು ಚಿಕ್ಕದೊಂದು, ಚಿಕ್ಕದು ತನ್ನದು ಅಂದುಕೊಂಡಿದ್ದಳು, ಗಂಟಿನಲ್ಲಿ ಇರುವುದು ದೊಡ್ಡದು. ದೊಡ್ಡದು! ಸಿಟ್ಟಿದ್ದವನು ದೊಡ್ಡದು ಕೊಡುತ್ತಾನಾ? ಕೊಟ್ಟವನು ಮಾತು ಬಿಡುತ್ತಾನಾ? ಏನೂ ತಿಳಿಯುತ್ತಿಲ್ಲ ದೇವರೇ, ಈ ಮನುಷ್ಯನ ಮನಸ್ಸು ತಪ್ಪಲೆಯ ಹಾಗೆ ಮರಳು ಹಾಕಿ ಉಜ್ಜಿದರೆ ಕಾಣುವಂತಿದ್ದಿದ್ದರೆ.

ಕಾಯುತ್ತಿದೆ ತಪ್ಪಲೆ, ಇಕ್ಕಳದಲ್ಲಿ ಕಂಠ ಹಿಡಿದು ತಿರುಗಿಸು, ಕಾಲಲ್ಲಿ ತಿದಿ, ತಾಮ್ರ ಮೊದಲು ಕಪ್ಪಾಗಿ ಆಮೇಲೆ ಬಣ್ಣ ತಿರುಗುತ್ತದೆ, ಆ ಗಳಿಗೆ ಕಾಯಬೇಕು, ಅವಸರ ಮಾಡಿದರೆ ಹತ್ತುವುದಿಲ್ಲ, ತಡ ಮಾಡಿದರೆ ಸುಟ್ಟು ಹಳದಿ, ಹಳದಿಯಾದರೆ ಕಡ್ಡಿಯೂ ಹೋಯಿತು, ಮಾನವೂ ಹೋಯಿತು. ಬಂತು. ನವಸಾಗರದ ಪುಡಿ ಉದುರಿಸಿದಳು, ಬುಸ್ ಅಂತ ಬಿಳಿ ಹೊಗೆ ಎದ್ದಿತು, ಆ ಘಾಟು, ಅದೇ ಘಾಟು, ಇವಳ ತೊಟ್ಟಿಲ ವಾಸನೆ, ಕಡ್ಡಿ ತಾಗಿಸಿದಳು, ಕರಗಿ ತೊಟ್ಟು ತೊಟ್ಟಾಗಿ ಓಡಿತು, ಬುಡನ್ ಕೊಟ್ಟ ಅರಳೆ ತೆಗೆದುಕೊಂಡಳು, ಕೈ ತಾನಾಗಿ ಹೋಯಿತು — ಏ ಏ ಏ! ಎಡಗೈ! ಎಡಗೈ ಹಾಕ್ತಿದೀಯಲ್ಲೇ! ಸರ್ವಮಂಗಳಮ್ಮ ಕಿರುಚಿದಳು, ಜಂಗಮರು ಉಣ್ಣೋ ತಪ್ಪಲೇಗೆ ಎಡಗೈ ಹಾಕ್ತೀಯಾ, ನಿಮ್ಮಪ್ಪ ನಿನಗೆ ಇಷ್ಟೂ ಕಲಿಸಿಲ್ವಾ? ಕಲಿಸಿಲ್ಲ. ಅಬ್ಬಾ ಯಾವತ್ತೂ ಏನೂ ಕಲಿಸಲಿಲ್ಲ, ಇವಳು ನೋಡಿ ಕಲಿತಳು, ಒಲೆಯ ಈ ಬದಿಗೆ ತಿದಿ ಒತ್ತುತ್ತಾ ಇವಳು, ಆ ಬದಿಗೆ ಒರೆಸುತ್ತಾ ಅಬ್ಬಾ, ಹದಿನೈದು ವರ್ಷ ಎದುರುಬದುರು ಕೂತು ನೋಡಿದ ಕೈ, ಅಬ್ಬಾನ ಬಲಗೈ ಇವಳ ಎಡಗೈಯ ಎದುರಿಗೆ ಇತ್ತು, ಅದು ಹೋದ ಕಡೆಗೆ ಇದು ಹೋಯಿತು, ಉಣ್ಣುವುದು ಬಲಗೈ, ಸೂಜಿ ಹಿಡಿಯುವುದು ಬಲಗೈ, ಅರಳೆ ಹಿಡಿದರೆ ಮಾತ್ರ ಎಡಗೈ, ಕನ್ನಡಿಯಲ್ಲಿ ಕಲಿತ ಹಾಗೆ. ಹಿತ್ತಲಲ್ಲಿ ಯಾರು ನೋಡುತ್ತಿದ್ದರು, ಅಮ್ಮಿ ನೋಡಿದಾಗಲೆಲ್ಲ ಆ ಕೈಗೆ ಒಂದೇಟು ಹಾಕುತ್ತಿದ್ದಳು, ಅಬ್ಬಾ ಮಾತ್ರ ಪಾತ್ರೆ ಬಿಸಿಲಿಗೆ ಹಿಡಿದು ನೋಡಿ, ಕೈ ಯಾವುದಾದ್ರೇನು ಇಮಾಮ್‌ಬೀ, ಬೆಳಕು ಒಂದೇ ಬಂದೈತೆ ಅನ್ನುತ್ತಿದ್ದ, ಆ ಮಾತನ್ನು ಈಗ ಅನ್ನಬಾರದಾ ಅಬ್ಬಾ, ಈ ಹೆಂಗಸಿಗೆ ಕೇಳುವ ಹಾಗೆ ಒಂದು ಸಲ, ಅನ್ನು ಅಬ್ಬಾ.

ಅನ್ನಲಿಲ್ಲ. ಬಲಗೈಗೆ ಬದಲಾಯಿಸಿದಳು, ಇಕ್ಕಳ ಎಡಕ್ಕೆ, ಅರಳೆ ಬಲಕ್ಕೆ, ಇದು ಯಾರ ಕೈ, ಇವಳ ಮೈಗೆ ಯಾರೋ ಅಂಟಿಸಿದ ಹಾಗೆ, ಒರೆಸಿದರೆ ಕಲಾಯಿ ಹರಡುತ್ತಿಲ್ಲ, ಗುಡ್ಡೆಯಾಗುತ್ತಿದೆ, ಇಲ್ಲೊಂದು ಗಂಟು, ಅಲ್ಲೊಂದು, ನಡುವೆ ಕೆಂಪು ತಾಮ್ರ ಹಲ್ಲು ಕಿರಿಯುತ್ತಿದೆ, ಅಂಚು ಹಳದಿಗೆ ತಿರುಗುತ್ತಿದೆ, ಈಗ ಏನು, ಎಡಗೈ ಹಾಕಿದರೆ ಊರು ಛೀ ಅನ್ನುತ್ತದೆ, ಬಲಗೈ ಹಾಕಿದರೆ ಪಾತ್ರೆ ಹೋಗುತ್ತದೆ, ಅತ್ತ ದರಿ ಇತ್ತ ಪುಲಿ ಅಂದರೆ ಇದೇ ಇರಬೇಕು, ನೋಡಬಾರದು ಅಂದಿದ್ದ ಬುಡನ್, ಅವನ ಕೈ ನೋಡಬ್ಯಾಡ — ನೋಡಿಬಿಟ್ಟಳು. ಅಬ್ಬಾ ಎದ್ದಿದ್ದಾನೆ. ಕಲ್ಲಿನಿಂದ ಎದ್ದು ಎರಡು ಹೆಜ್ಜೆ ಬಂದಿದ್ದಾನೆ. ಕಂಕುಳು ಖಾಲಿ. ಎರಡೂ ಕೈ ಮುಂದಕ್ಕೆ ಚಾಚಿ ಬರುತ್ತಿವೆ, ಕರಿ ಉಗುರು, ಗಂಟು ಬೆರಳು, ಪ್ಲೇಗಿನ ಗುಡಿಸಲಿನೊಳಕ್ಕೆ ಬಂದ ಹಾಗೇ, ಇನ್ನೆರಡು ಗೇಣು, ಮುಟ್ಟಿದರೆ ಮುಗಿಯಿತು, ತಪ್ಪಲೆ ಬೆಳ್ಳಿಯಾಗುತ್ತದೆ, ಜಗಳೂರು ಅಬ್ಬಾನದೇ ಆಗುತ್ತದೆ, ಗಂಟು ಕಟ್ಟಿಕೊಂಡು ಬಸ್ಸು, ಅಮ್ಮಿಯ ಬಿಸಿ ರೊಟ್ಟಿ, ಗೋಡೆಯ ಪಕ್ಕದ ತನ್ನ ಚಾಪೆ, ಬೆಳಗಾದರೆ ಮಜೀದಾ ಏಳೇ, ಏಳೇ ಕತ್ತೆ, ಬ್ಯಾಡ ಅಂದವರು ಯಾರು, ಅದೇ ಬೇಕು, ಅದೊಂದೇ ಬೇಕು, ಬಾ ಅಬ್ಬಾ, ಬೇಗ ಬಾ, ಎತ್ತಿಕೋ, ಬಾ, ಬಾ — ಮುಟ್ಟಬ್ಯಾಡ ಅಬ್ಬಾ! ಯಾರು ಕೂಗಿದ್ದು? ಬೇವಿನ ಮರದ ಕಾಗೆ ಹಾರಿತು, ಗಾದ್ರಮ್ಮನ ಕುಟ್ಟಾಣಿ ನಿಂತಿತು, ಕೂಗಿದ್ದು ಇವಳೇ, ಒಳಗೆ ಬಾ ಅಂದದ್ದು ಹೊರಗೆ ಬ್ಯಾಡ ಅಂತ ಯಾಕೆ ಬಂತು, ಯಾವುದು ನಿಜ, ಎರಡೂ ತನ್ನದೇ ದನಿ. ಆ ಕೈ ಹೊಗೆಯ ಮೇಲೆ ನಿಂತುಬಿಟ್ಟಿವೆ, ನಡುಗುತ್ತಿವೆ, ಆ ಕೈ ನಡುಗುತ್ತವೆ ಅನ್ನುವುದೇ ಇವಳಿಗೆ ಗೊತ್ತಿರಲಿಲ್ಲ, ಕಾದ ಕೊಳಗ ಹಿಡಿದಾಗ ನಡುಗದ ಕೈ, ಪ್ಲೇಗಿಗೆ ಹೆದರದ ಕೈ, ಈಗ ಬರಿಗೈ ಆಗಿ ನಡುಗುತ್ತಿವೆ, ಸಿಟ್ಟಿನಲ್ಲಿ ಕೈ ಹೀಗೆ ನಡುಗುವುದಿಲ್ಲ, ಸಿಟ್ಟಲ್ಲ, ಅಯ್ಯೋ ಸಿಟ್ಟಲ್ಲವೇ ಅಲ್ಲ, ಹೊಸಿಲಿನಿಂದ ಇಲ್ಲಿಯ ತನಕ ಅವನು ಹೆದರಿದ್ದು ತನ್ನ ಕೈಗೇ, ಬಿಟ್ಟರೆ ಎಲ್ಲಿ ಓಡಿಬಿಡುತ್ತವೋ ಅಂತ, ಬಾಯಿ ತೆರೆದರೆ ಎಲ್ಲಿ ವಾಪಸ್ಸು ಬಾ ಅಂದುಬಿಡುತ್ತಾನೋ ಅಂತ. ಕೈ ಹಿಂದಕ್ಕೆ ಹೋದವು. ಕಂಕುಳಲ್ಲಿ ಹೊಕ್ಕವು. ಇವಳ ಎಡಗೈ ಅರಳೆ ಕಸಿದುಕೊಂಡಿತು, ಇನ್ನೊಂದು ಚಿಟಿಕೆ ನವಸಾಗರ, ಬುಸ್, ಕಡ್ಡಿಯ ಇನ್ನೊಂದು ಗೆರೆ, ಒರೆಸು, ಎದುರಿಗೆ ಅಬ್ಬಾ ಕೂತಿದ್ದಾನೆ ಅಂದುಕೊಂಡು ಒರೆಸು, ಬಾಗಿ, ಸುತ್ತಿ, ತಳದಿಂದ ಕಂಠಕ್ಕೆ, ಗಂಟು ಕರಗಿತು, ಹಳದಿ ಹೋಯಿತು, ಕೆಂಪು ಮುಚ್ಚಿತು, ಮಧ್ಯಾಹ್ನದ ಬಿಸಿಲೆಲ್ಲ ತಪ್ಪಲೆಯೊಳಗೆ ಇಳಿದು ಕೂತ ಹಾಗೆ ಬೆಳ್ಳಗಾಯಿತು.

ನೀರಿಗೆ ಅದ್ದಿದಾಗ ಚುಂಯ್ ಅಂದದ್ದು ಊರಿಗೆಲ್ಲ ಕೇಳಿರಬೇಕು. ಸರ್ವಮಂಗಳಮ್ಮ ಮೂಗು ಮುರಿದುಕೊಂಡು ನಿಂತಿದ್ದಾಳೆ, ಬೆಳ್ಳಗೇನೋ ಆಗೈತೆ, ಆದ್ರೂ ಎಡಗೈ, ಎಡಗೈ ಎಡಗೈಯೇ. ಗಾದ್ರಮ್ಮ ಕುಟ್ಟಾಣಿಯನ್ನು ಪಕ್ಕಕ್ಕಿಟ್ಟಳು, ಅಲ್ಲ ಕಣೆ ಸರ್ವಿ, ದಿನಾ ಬೆಳಿಗ್ಗೆ ಸ್ನಾನ ಮಾಡಿ ನಿನ್ನ ಕರಡಿಗೆ ಬಿಚ್ಚಿ ಲಿಂಗಪ್ಪನ್ನ ಯಾವ ಕೈಯಾಗೆ ಕುಂದ್ರಿಸ್ಕಂತೀಯ? ಸರ್ವಮಂಗಳಮ್ಮ ತನ್ನ ಎಡ ಅಂಗೈಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿಕೊಂಡಳು, ವಿಭೂತಿ ಇನ್ನೂ ಅಂಟಿತ್ತು, ಅದೂ ಇದೂ ಒಂದೇನಾ ಅಂದಳು, ದನಿಯಲ್ಲಿ ಜೋರು ಇರಲಿಲ್ಲ, ದೇವ್ರನ್ನ ಹಿಡಿಯೋ ಕೈ ತಪ್ಪಲೇನ ಹಿಡಿಬಾರ್ದಾ ಅಂತ ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು, ಮನ್ಯಾಗೆ ಇನ್ನೊಂದು ಕೊಳಗ ಐತೆ, ಸಂಜೀಗೆ ಕಳಿಸ್ತೀನಿ ಅಂತ ಸರ್ವಮಂಗಳಮ್ಮ ಯಾರಿಗೋ ಹೇಳುವ ಹಾಗೆ ಮರಕ್ಕೆ ಹೇಳಿ, ಆಳನ್ನು ಬೈಯುತ್ತಾ ತಪ್ಪಲೆ ಹೊರಿಸಿಕೊಂಡು ಹೊರಟಳು. ಮೊದಲ ಪಾತ್ರೆ ಮುಗಿಯಿತು. ಮುಗಿಯಿತು ಅಬ್ಬಾ, ಅಂತ ತಿರುಗಿದರೆ ಕಲ್ಲು ಖಾಲಿ, ಅಬ್ಬಾ ಆಗಲೇ ರಸ್ತೆಯಲ್ಲಿದ್ದಾನೆ, ಬಸ್ಸು ನಿಲ್ಲುವ ಕಡೆಗೆ, ಹಿಂದಿರುಗಿ ನೋಡಬಾರದು, ನೋಡುವುದಿಲ್ಲ, ಗೊತ್ತು, ಆದರೆ ಕಟ್ಟಳೆ ಮುಗಿದಿದೆಯಲ್ಲ ಅಬ್ಬಾ, ಇನ್ನು ಕೈ ತೆಗೆಯಬಹುದಲ್ಲ, ಬೆವರು ಒರೆಸಿಕೊಳ್ಳಬಹುದು, ಟೋಪಿ ಸರಿಮಾಡಿಕೊಳ್ಳಬಹುದು, ಟೋಪಿ ಜಾರುತ್ತಿದೆ ನೋಡು, ಬೀಳುತ್ತದೆ, ತೆಗೆಯುತ್ತಿಲ್ಲ, ಯಾಕೆ ತೆಗೆಯುತ್ತಿಲ್ಲ, ಓಡಿಹೋಗಿ ಹಿಡಿಯಲಾ, ಸಂಜೆಗೆ ಕೊಳಗ ಬರುತ್ತದೆ, ಇದ್ದಿಲು ಆರುತ್ತದೆ, ರೊಟ್ಟಿ ಎಷ್ಟು ಮಾಡಬೇಕು, ಒಂದಾ ಎರಡಾ, ಅಬ್ಬಾ ದಾವಣಗೆರೆಯಲ್ಲಿ ಏನು ತಿನ್ನುತ್ತಾನೆ, ಬಿಸಿಲು ಕಣ್ಣು ಕುಕ್ಕುತ್ತಿದೆ, ಅವನ ಬೆನ್ನು ಚಿಕ್ಕದಾಗುತ್ತಿದೆ, ಹಿಂದಿನಿಂದ ಕಾಣುವುದು ಎರಡೂ ಕಂಕುಳ ಕೆಳಗಿನಿಂದ ಇಣುಕುವ ಕರಿ ಬೆರಳುಗಳು, ಯಾರೋ ಎದುರಿಗೆ ನಿಂತು ಅವನನ್ನು ನೆಲದಿಂದ ಎತ್ತಿಕೊಳ್ಳುತ್ತಿರುವ ಹಾಗೆ, ಹಪ್ಪಾ ಅಂತ, ಆ ಬೆರಳು, ಕಂಕುಳಲ್ಲಿ ಆ ಎರಡು ಕೈ, ಕಂಕುಳಲ್ಲಿ ಕೈ —